ನಿಮಗಿದು ಗೊತ್ತೇ? ‘ಬರ್ರಿ’ ಒಂದು ಕುಲ, ‘ವೆಲ್‌ಕಮ್’ ಇನ್ನೊಂದು ಕುಲ

★ ಜಾತ್ರೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಊರುಗಳ ಅಗಸಿಯಲ್ಲಿ ಫ್ಲೆಕ್ಸ್ ಏಳುತ್ತದೆ. ಮೇಲೆ ಕನ್ನಡದಲ್ಲಿ ‘ಸ್ವಾಗತ’, ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ‘ವೆಲ್‌ಕಮ್’. ಎರಡೂ ಬೇರೆ ಬೇರೆ ಭಾಷೆಯ ಮಾತು ಎಂದು ಓದುತ್ತೇವೆ, ಆದರೆ ಬೇರು ಒಂದೇ. ಸ್ವಾಗತ ಎಂದರೆ ಸು, ಆ, ಗತ. ಅದರೊಳಗಿರುವುದು ಸಂಸ್ಕೃತದ ‘ಗಮ್’ ಧಾತು. ‘ವೆಲ್‌ಕಮ್’ನೊಳಗಿನ ‘ಕಮ್’ ಅದೇ ಧಾತುವಿನ ಯುರೋಪಿನ ದಾಯಾದಿ. ಫ್ಲೆಕ್ಸಿನ ಕೆಳಗೆ ರುಮಾಲು ಸುತ್ತಿಕೊಂಡು ನಿಂತ ಹಿರಿಯರು ‘ಬರ್ರೀ ಬರ್ರಿ’ ಅನ್ನುತ್ತಾರಲ್ಲ, ಅಲ್ಲಿ ಬೇರೆ ಕುಲದ ಮಾತು ಅದೊಂದೇ. ವಿಜಯಪುರ ಸೀಮೆಯ ಅರಕೇರಿಯಲ್ಲಿ ನಿಂತು ಈ ಎರಡು ಕುಲಗಳ ವಂಶಾವಳಿ ನೋಡೋಣ.

★ ಇಂಗ್ಲಿಷರ ‘ಕಮ್’, ಜರ್ಮನ್ನರ ‘ಕೊಮ್ಮೆನ್’, ಡಚ್ಚರ ‘ಕೋಮೆನ್’, ಸ್ವೀಡನ್ನಿನವರ ‘ಕೊಮ್ಮ’, ಐಸ್‌ಲ್ಯಾಂಡಿನವರ ‘ಕೋಮ’ ಒಡಹುಟ್ಟಿದವು. ಇವುಗಳ ತಾಯಿಯಾದ ಕ್ರಿಯಾಪದವನ್ನು ವಿದ್ವಾಂಸರು *ಕ್ವೆಮನ ಎಂದು ಬರೆಯುತ್ತಾರೆ. ಆ ತಾಯಿಭಾಷೆಗೆ ಮೂಲ ಜರ್ಮಾನಿಕ್ ಎಂದು ಹೆಸರು. ಸುಮಾರು 2,500 ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯಾದ ದಕ್ಷಿಣ ಭಾಗ, ಜರ್ಮನಿಯ ಉತ್ತರ ಭಾಗದಲ್ಲಿ ಅದನ್ನು ಆಡುತ್ತಿದ್ದರು. ಆ ಭಾಷೆಯಲ್ಲಿ ಬರೆದ ಒಂದು ಪುಟವೂ ಉಳಿದಿಲ್ಲ. ಮಕ್ಕಳ ಮುಖ ನೋಡಿ ತಾಯಿಯ ರೂಪ ಊಹಿಸಿದ್ದಾರೆ, ಅಷ್ಟೆ.

★ ಆ ಮಕ್ಕಳಲ್ಲಿ ಮೊದಲು ದೊಡ್ಡ ಗ್ರಂಥವೊಂದನ್ನು ಕಂಡದ್ದು ಗಾಥಿಕ್. 4ನೇ ಶತಮಾನದಲ್ಲಿ ವುಲ್ಫಿಲಾ ಎಂಬ ಬಿಷಪ್ ಬೈಬಲ್ಲನ್ನು ಆ ಭಾಷೆಗೆ ತಂದ. ಅಲ್ಲಿ ‘ಬರು’ ಎಂಬುದಕ್ಕೆ ‘ಕ್ವಿಮನ್’ ಎಂದಿದೆ. ತಾಯಿಯ ‘ಕ್ವ’ ಇನ್ನೂ ಮಾಸಿಲ್ಲ. ಬೆಳ್ಳಿ, ಬಂಗಾರದ ಶಾಯಿಯಲ್ಲಿ ಬರೆದ ಅದರ 6ನೇ ಶತಮಾನದ ಪ್ರತಿ ಸ್ವೀಡನ್ನಿನ ಉಪ್ಸಲಾದಲ್ಲಿದೆ. ನಮ್ಮ ಹಲ್ಮಿಡಿ ಶಾಸನ 5ನೇ ಶತಮಾನದ್ದು. ಬರವಣಿಗೆಯ ವಯಸ್ಸಿನಲ್ಲಿ ಗಾಥಿಕ್ ಮತ್ತು ಕನ್ನಡ ಓರಗೆಯವು ಎನ್ನಬಹುದು. ಗಾಥಿಕ್ ಆಡುವವರು ಈಗ ಯಾರೂ ಇಲ್ಲ.

★ ಮೇಲೆ *ಕ್ವೆಮನ ಎಂಬುದರ ಶುರುವಿನಲ್ಲಿ ಒಂದು ಚುಕ್ಕಿ ಇದೆಯಲ್ಲ, ಅದು ಅಚ್ಚಿನ ತಪ್ಪಲ್ಲ. ‘ಈ ರೂಪ ಎಲ್ಲೂ ಬರೆದದ್ದು ಸಿಕ್ಕಿಲ್ಲ, ಲೆಕ್ಕ ಹಾಕಿ ತೆಗೆದದ್ದು’ ಎಂಬ ಪ್ರಾಮಾಣಿಕ ಸೂಚನೆ ಅದು. ಈ ಚುಕ್ಕಿಯನ್ನು ರೂಢಿಗೆ ತಂದವರಲ್ಲಿ ಮುಖ್ಯ ಹೆಸರು ಜರ್ಮನಿಯ ಆಗಸ್ಟ್ ಶ್ಲೈಖರ್ ಅವರದು. ಅವರ ಧೈರ್ಯ ಎಂಥದೆಂದರೆ, ಸಂಸ್ಕೃತ, ಗ್ರೀಕ್, ಜರ್ಮಾನಿಕ್‌ಗಳ ತಾಯಿಯಾದ, ಯಾರೂ ಕೇಳಿರದ ಮೂಲ ಇಂಡೋ-ಯುರೋಪಿಯನ್ ಭಾಷೆಯಲ್ಲಿ 1868ರಲ್ಲಿ ಒಂದು ನೀತಿಕತೆಯನ್ನೇ ಬರೆದರು. ಕತೆ ಯಾರದು? ಉಣ್ಣೆ ಇಲ್ಲದ ಒಂದು ಕುರಿ ಮತ್ತು ಕುದುರೆಗಳದು. ಅಮೋಘಸಿದ್ಧನ ಅರಕೇರಿಯಲ್ಲಿ, ಕುರಿ ಕಾಯುವ ಹಾಲುಮತದವರ ಡೊಳ್ಳು ಕೇಳಿ ಬೆಳೆದವರಿಗೆ ಈ ಆಯ್ಕೆ ಹಿಡಿಸದೇ ಇರದು. ಅವರ ಮೂಲರೂಪಗಳನ್ನು ಮುಂದಿನ ಪಂಡಿತರು ಮತ್ತೆ ಮತ್ತೆ ತಿದ್ದಿದರು. ಕುರಿ ಒಂದೇ, ಪ್ರತಿ ತಲೆಮಾರಿಗೂ ಅದರ ಹೆಸರು ಬೇರೆ!

★ ಮಕ್ಕಳ ಕತೆಗಳಿಂದ ನಮಗೆಲ್ಲ ಗೊತ್ತಿರುವ ಗ್ರಿಮ್ ಸಹೋದರರಲ್ಲಿ ಹಿರಿಯ ಯಾಕೊಬ್ ಗ್ರಿಮ್. 1822ರಲ್ಲಿ ಅವರು ಒಂದು ನಿಯಮವನ್ನು ಬಿಡಿಸಿ ಹೇಳಿದರು. ಸಂಸ್ಕೃತದಲ್ಲಿ ‘ಪ’ ಇದ್ದಲ್ಲಿ ಜರ್ಮಾನಿಕ್ ಭಾಷೆಗಳಲ್ಲಿ ‘ಫ’, ‘ದ’ ಇದ್ದಲ್ಲಿ ‘ಟ’, ‘ಗ’ ಇದ್ದಲ್ಲಿ ‘ಕ’. ಪಾದಕ್ಕೆ ಫುಟ್, ದಶಕ್ಕೆ ಟೆನ್, ಯುಗಕ್ಕೆ ಯೋಕ್. ಹಾಗೆಯೇ ‘ಗಮ್’ಗೆ ‘ಕಮ್’. ಕನ್ನಡದಲ್ಲೂ ಇಂಥದೇ ನಡೆದಿದೆ: ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಒಂದು ಪದ ಬದಲಾದರೆ ಅದು ಆಕಸ್ಮಿಕ, ಸಾಲಾಗಿ ನೂರು ಪದ ಒಂದೇ ರೀತಿ ಬದಲಾದರೆ ಅದು ಕಾನೂನು. ಇಡೀ ಶಾಸ್ತ್ರ ನಿಂತಿರುವುದು ಈ ಒಂದು ಮಾತಿನ ಮೇಲೆ.

★ ಗ್ರೀಕರಲ್ಲಿ ಇದೇ ಧಾತು ‘ಬೈನೊ’ ಆಗಿದೆ. ‘ಬ’ ಕಂಡ ತಕ್ಷಣ ನಮ್ಮ ‘ಬಾ’ ನೆನಪಾಗಿ ‘ಗ್ರೀಕರು ಕನ್ನಡದಿಂದಲೇ ಕದ್ದದ್ದು’ ಎನ್ನುವವರು ಇದ್ದಾರೆ. ತಡೆಯಿರಿ. ಸಂಸ್ಕೃತದ ಗೋ ಇಂಗ್ಲಿಷಿನಲ್ಲಿ ಕೌ, ಗ್ರೀಕಿನಲ್ಲಿ ಬೌಸ್. ಸಂಸ್ಕೃತದ ಗಮ್ ಇಂಗ್ಲಿಷಿನಲ್ಲಿ ಕಮ್, ಗ್ರೀಕಿನಲ್ಲಿ ಬೈನೊ. ಗ್ರೀಕರ ಆ ‘ಬ’ ಹುಟ್ಟಿದ್ದು ‘ಗ್ವ’ ಎಂಬ ಹಳೆಯ ದನಿಯಿಂದ. ಕನ್ನಡದ ‘ಬಾ’ದ ‘ಬ’ ಹುಟ್ಟಿದ್ದು ‘ವ’ದಿಂದ. ಈಗ ಮುಖ ಒಂದೇ ಥರ ಕಂಡರೂ ಹಿಂದಿನ ಮನೆತನ ಬೇರೆ.

★ ಮಕ್ಕಳ ಸ್ಕಾಲರ್‌ಶಿಪ್ಪಿಗೆ ಇನ್‌ಕಮ್ ಸರ್ಟಿಫಿಕೇಟ್ ಬೇಕೆಂದು ರೆವಿನ್ಯೂ ಇನ್‌ಸ್ಪೆಕ್ಟರರ ದಾರಿ ಕಾಯುತ್ತೀರಲ್ಲ, ಆ ‘ಇನ್‌ಕಮ್’ ಮತ್ತು ‘ರೆವಿನ್ಯೂ’ ಕೂಡ ಒಂದೇ ಧಾತುವಿನ ಪದಗಳು! ಲ್ಯಾಟಿನ್ನಿನಲ್ಲಿ ಈ ಧಾತು ‘ವೆನಿಯೊ’ ಆಯಿತು. ಅದಕ್ಕೆ ‘ಮರಳಿ’ ಎಂಬರ್ಥದ ‘ರೆ’ ಸೇರಿ, ಫ್ರೆಂಚರ ಬಾಯಲ್ಲಿ ಹಾದು, ರೆವಿನ್ಯೂ ಬಂತು. ಮದುವೆ ನಡೆಯುವ ಕನ್ವೆನ್ಷನ್ ಹಾಲ್, ಕಾರ್ಡಿನಲ್ಲಿ ಅಚ್ಚಾಗುವ ವೆನ್ಯೂ, ಹೂ ಕಟ್ಟಿ ಲೈಟ್ ಹಾಕುವ ಇವೆಂಟ್ ಮ್ಯಾನೇಜ್‌ಮೆಂಟಿನ ಇವೆಂಟ್ ಎಲ್ಲ ಅದೇ ವೆನಿಯೊದ ಮರಿಮಕ್ಕಳು. ಸರ್ಕಸ್ಸಿನ ಅಕ್ರೋಬ್ಯಾಟ್ ಗ್ರೀಕ್ ಕವಲಿನವನು, ಆ ‘ಬ್ಯಾಟ್’ ಮತ್ತು ನಮ್ಮ ‘ಗತ’ ಒಂದೇ.

★ ಟಿಕೋಟಾ ದಾಟಿ ಜತ್ತದ ಕಡೆ ಹೋದರೆ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಮರಾಠಿಯಲ್ಲಿ ‘ತೊ ಗೇಲಾ’ ಎಂದರೆ ‘ಅವನು ಹೋದ’. ಆ ‘ಗೇಲಾ’, ಹಿಂದಿಯ ‘ಗಯಾ’ ಎರಡೂ ‘ಗತ’ದಿಂದ ಸವೆದು ಬಂದವು. ಅಂದರೆ ಇಂಗ್ಲಿಷಿನ ‘ಕೇಮ್’ ಮತ್ತು ಮರಾಠಿಯ ‘ಗೇಲಾ’ ಒಂದೇ ಅಜ್ಜಿಯ ಮೊಮ್ಮಕ್ಕಳು. ಒಬ್ಬ ಬಂದ ಅನ್ನುತ್ತಾನೆ, ಇನ್ನೊಬ್ಬ ಹೋದ ಅನ್ನುತ್ತಾನೆ. ಮೂಲದಲ್ಲಿ ಆ ಧಾತುವಿಗೆ ‘ಹೆಜ್ಜೆ ಇಡು’ ಎಂಬಷ್ಟೇ ಅರ್ಥ ಇದ್ದಿರಬೇಕು. ಹೆಜ್ಜೆ ಯಾವ ಕಡೆಗೆ ಎಂಬುದನ್ನು ಮಕ್ಕಳು ತಮತಮಗೆ ಬೇಕಾದಂತೆ ನಿರ್ಧರಿಸಿಕೊಂಡರು.

★ ಜಂಗಮ, ಸಂಗಮ, ಆಗಮನ, ಸುಗಮ, ದುರ್ಗಮ, ಕಡೆಗೆ ಸಾರಿಗೆ ನಿಗಮದ ನಿಗಮ: ಎಲ್ಲ ‘ಗಮ್’ನವೇ. ಬಸವಣ್ಣ ಹುಟ್ಟಿದ ಬಾಗೇವಾಡಿ ಈ ಜಿಲ್ಲೆಯದು, ಐಕ್ಯವಾದ ಕೂಡಲಸಂಗಮ ಪಕ್ಕದ ಬಾಗಲಕೋಟೆಯದು. ಆ ಹೆಸರನ್ನೇ ನೋಡಿ. ‘ಕೂಡಲ’ ಎಂದರೂ ಹೊಳೆಗಳು ಕೂಡುವ ಜಾಗ, ‘ಸಂಗಮ’ ಎಂದರೂ ಅದೇ. ಒಂದು ಕನ್ನಡದ ‘ಕೂಡು’ವಿನಿಂದ, ಇನ್ನೊಂದು ಸಂಸ್ಕೃತದ ‘ಗಮ್’ನಿಂದ. ಕೃಷ್ಣೆ, ಮಲಪ್ರಭೆ ಕೂಡುವಲ್ಲಿ ಎರಡು ಭಾಷಾಕುಲಗಳೂ ಕೂಡಿವೆ.

★ ಇನ್ನು ‘ಬರ್ರಿ’ಯ ಕುಲಕ್ಕೆ, ಅಂದರೆ ದ್ರಾವಿಡ ಭಾಷೆಗಳಿಗೆ ಬರೋಣ. ತಮಿಳಿನಲ್ಲಿ ವಾ, ವರು. ಮಲಯಾಳದಲ್ಲಿ ವರಿಕ. ತುಳುವಿನಲ್ಲಿ ಬರ್ಪಿನಿ. ಕೊಡವ ಭಾಷೆಯಲ್ಲಿ ಬರ್. ನೀಲಗಿರಿಯ ಕೋತರಲ್ಲಿ ವಾರ್, ತೋಡರಲ್ಲಿ ಪೋರ್. ತೆಲುಗಿನಲ್ಲಿ ವಚ್ಚು. ಮಹಾರಾಷ್ಟ್ರದ ಕೊಲಾಮಿಯಲ್ಲಿ ವರ್, ಗೊಂಡಿಯಲ್ಲಿ ವಾಯ್, ಒಡಿಶಾದ ಕುಇಯಲ್ಲಿ ವಾ. ಜಾರ್ಖಂಡ, ಛತ್ತೀಸಗಡದ ಕುಡುಖ್‌ನಲ್ಲಿ ಬರ್ನಾ, ರಾಜಮಹಲ್ ಬೆಟ್ಟಗಳ ಮಾಲ್ತೊದಲ್ಲಿ ಬರೆ. ಬಲೂಚಿಸ್ತಾನದ ಬ್ರಾಹುಈಯಲ್ಲಿ ಬನ್ನಿಂಗ್, ಅದರ ರೂಪಗಳಲ್ಲಿ ಬಾ, ಬರ್ ಎರಡೂ ಇವೆ. ಅರಕೇರಿಯಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕಲಾತ್ ಸೀಮೆಯಲ್ಲಿ ಕುರಿ ಕಾಯುವವನೊಬ್ಬ ಕರೆದರೆ, ಆ ಮೊದಲ ಅಕ್ಷರ ನಮಗೆ ತಿಳಿದೀತು!

★ ಬ್ರಾಹುಈ ಅಷ್ಟು ದೂರ ಹೇಗೆ ಉಳಿಯಿತು? ದ್ರಾವಿಡ ಭಾಷಿಕರು ಒಂದು ಕಾಲಕ್ಕೆ ಅಲ್ಲೆಲ್ಲ ಇದ್ದು, ಮಿಕ್ಕವರು ಹೋಗಿ ಇವರಷ್ಟೇ ಉಳಿದರು ಎಂಬುದು ಒಂದು ವಾದ. ಒಂದು ಸಾವಿರ ವರ್ಷಗಳಿಂದೀಚೆಗೆ ಇವರೇ ಮಧ್ಯಭಾರತದ ಕಡೆಯಿಂದ ವಲಸೆ ಹೋದರು ಎಂಬುದು ಇನ್ನೊಂದು. ಜಗಳ ಮುಗಿದಿಲ್ಲ. ಆ ಭಾಷೆಯ ಪದಗಳಲ್ಲಿ ಬಹುಪಾಲು ಬಲೂಚಿ, ಪಾರಸಿ, ಅರಬ್ಬಿಯಿಂದ ಬಂದವು. ಆದರೂ ದಿನಬಳಕೆಯ ಪದಗಳು ಜಪ್ಪಯ್ಯ ಅಂದಿಲ್ಲ: ಬಾಯಿಗೆ ‘ಬಾ’, ಆಡಿಗೆ ‘ಹೇಟ್’. ಆಡು ತುಳುವಿನಲ್ಲಿ ಏಡು, ತೆಲುಗಿನಲ್ಲಿ ಟಗರಿಗೆ ಏಟ. ಭಾಷೆಯನ್ನು ಕಾಪಾಡಿದ್ದು ಆಡು, ಬಾಯಿ, ‘ಬಾ’ ಎಂಬ ಮಾತು; ಅರಮನೆ, ದರ್ಬಾರಿನ ಪದಗಳಲ್ಲ.

★ ಬಾಯಿ, ಬಿಲ್ಲು, ಬೇರು, ಬಾಳೆ, ಬಿಳಿ, ಬಡಗು. ತಮಿಳಿನಲ್ಲಿ ಇವೆಲ್ಲ ವಾಯ್, ವಿಲ್, ವೇರ್, ವಾಳೈ, ವೆಳ್ಳೈ, ವಡಕ್ಕು. ಪದದ ಮೊದಲಿನ ‘ವ’ವನ್ನು ಕನ್ನಡ ಬಿಡದೆ ‘ಬ’ ಮಾಡಿದೆ. ಅದಕ್ಕೇ ಕನ್ನಡದಲ್ಲಿ ‘ವ’ದಿಂದ ಶುರುವಾಗುವ ಪದ ಕಂಡರೆ ಅದು ಹೊರಗಿನ ನೆಂಟನೇ ಎಂದು ಅನುಮಾನಿಸಿದರೆ ತಪ್ಪಾಗುವುದು ಅಪರೂಪ: ವರ್ಷ, ವಾರ, ವಕೀಲ, ವಸೂಲಿ. ಬಂದ ನೆಂಟರನ್ನೂ ಸುಮ್ಮನೆ ಬಿಡಲಿಲ್ಲ, ವರ್ಣ ಬಣ್ಣವಾಯಿತು. 2014ರ ನವೆಂಬರ್ 1ರಂದು ಬಿಜಾಪುರ ಅಧಿಕೃತವಾಗಿ ವಿಜಯಪುರವಾದಾಗ ಚಕ್ರ ಹಿಮ್ಮುಖ ತಿರುಗಿತು: ‘ಬ’ ಹೋಗಿ ‘ವ’ ಬಂತು. ಆ ಹೆಸರು ‘ಬಿಜಾ’ ಆದದ್ದು ಬೇರೆ ಭಾಷೆಯವರ ಬಾಯಲ್ಲಿ ಎನ್ನುವುದು ಬೇರೆ ಮಾತು.

★ ತೆಲುಗಿನವರು ಕರೆಯುವುದು ‘ರಾ’ ಎಂದು. ಅಲ್ಲಿ ‘ವ’ವೂ ಇಲ್ಲ, ‘ಬ’ವೂ ಇಲ್ಲ. ಹೊರಗಿನ ಪದವೇ? ಅಲ್ಲ. ತೆಲುಗಿಗೆ ಎರಡನೆಯ ವ್ಯಂಜನವನ್ನು ಮುಂದಕ್ಕೆ ಎಳೆದುಕೊಳ್ಳುವ ಹಳೆಯ ಚಟ. ನಮ್ಮ ಎರಡು ಅವರಿಗೆ ರೆಂಡು, ನಮ್ಮ ಒರಳು ಅವರಿಗೆ ರೋಲು, ನಮ್ಮ ಒಳಗೆ ಅವರಿಗೆ ಲೋ. ಹಾಗೆಯೇ ‘ವರಾ’ ಎಂಬುದು ‘ವ್ರಾ’ ಆಗಿ, ಮುಂದಿನ ‘ವ’ ಉದುರಿ ‘ರಾ’ ಉಳಿಯಿತು. ಇದು ನನಗೆ ಇಡೀ ಕುಟುಂಬದಲ್ಲೇ ಬಲು ಇಷ್ಟವಾದ ಬದಲಾವಣೆ. ಕಿವಿಗೆ ಒಂದಿಷ್ಟೂ ಹೋಲಿಕೆ ಇಲ್ಲದ ‘ಬಾ’ ಮತ್ತು ‘ರಾ’ ಒಡಹುಟ್ಟಿದವು, ಒಂದೇ ಥರ ಕೇಳಿಸುವ ‘ಬಾ’ ಮತ್ತು ಗ್ರೀಕರ ‘ಬೈನೊ’ ಅಪರಿಚಿತರು.

★ ‘ಬಾ’ಗೆ ಒಬ್ಬ ಅವಳಿ ಇದ್ದಾನೆ: ‘ತಾ’. ಬಾ–ತಾ, ಬರು–ತರು, ಬಂದ–ತಂದ, ಬಾರದು–ತಾರದು. ಎರಡೂ ಹೆಜ್ಜೆ ಹೆಜ್ಜೆಗೂ ಜೊತೆ ನಡೆಯುತ್ತವೆ. ತಮಿಳಿನಲ್ಲಿ ‘ತಾ’ ಎಂದರೆ ತರುವುದಲ್ಲ, ಕೊಡುವುದು. ಅದೂ ಎಲ್ಲರಿಗೂ ಅಲ್ಲ, ನನಗೆ ಅಥವಾ ನಿನಗೆ ಕೊಡುವುದು. ‘ಬಾ’ ಎಂಬುದೂ ಮೊದಲಿಗೆ ನನ್ನ ಕಡೆಗೆ, ನಿನ್ನ ಕಡೆಗೆ ಎಂಬ ದಿಕ್ಕಿನ ಮಾತು. ಈ ಜೋಡಿಯ ಮೇಲೆಯೇ ಮರ್ರೆ ಎಮೆನೊ 1945ರಲ್ಲಿ ಒಂದು ದೊಡ್ಡ ಲೇಖನ ಬರೆದರು. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಬರ್ಕ್ಲಿಯಲ್ಲಿ ಮೇಷ್ಟರಾಗಿದ್ದ ಅವರು 1930ರ ದಶಕದಲ್ಲಿ ನೀಲಗಿರಿ, ಕೊಡಗುಗಳಲ್ಲಿ ತಿರುಗಿ ತೋಡ, ಕೋತ, ಕೊಡವ ಮಾತುಗಳನ್ನು ಬರೆದುಕೊಂಡವರು. ಬದುಕಿದ್ದು 101 ವರ್ಷ.

★ ‘ಬಾ’ ದೀರ್ಘ, ‘ಬರು’ ಹ್ರಸ್ವ. ಒಂದೇ ಕ್ರಿಯಾಪದಕ್ಕೆ ಎರಡು ಅಳತೆ ಯಾಕೆ? ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಅವರ ಉತ್ತರ: ಮೂಲದಲ್ಲಿ ‘ವ’ದ ಮುಂದೆ ‘ಹ’ದಂಥ ಒಂದು ಉಸಿರಿನ ದನಿ ಇತ್ತು. ಅದು ಹೋಗುವಾಗ ಕೆಲವು ಕಡೆ ಸ್ವರವನ್ನು ಎಳೆದು ಹೋಯಿತು, ಕೆಲವು ಕಡೆ ಸದ್ದಿಲ್ಲದೆ ಹೋಯಿತು. ಹಳೆಯ ತಮಿಳಿನ ಆಯ್ದಮ್ ಎಂಬ ವಿಚಿತ್ರ ಅಕ್ಷರದಲ್ಲಿ ಅದರ ಕುರುಹು ಕಂಡರು.

★ ‘ಅರಕೇರಿ’ಯ ‘ಕೇರಿ’ಗೂ ದೂರದ ನೆಂಟರಿದ್ದಾರೆ. ತೆಲುಗಿನಲ್ಲಿ ಗೇರಿ, ತಮಿಳಿನಲ್ಲಿ ಚೇರಿ. ‘ಕ’ಕ್ಕೆ ಇ, ಎ ಸ್ವರಗಳು ಸೇರಿದರೆ ಅದನ್ನು ‘ಚ’ ಮಾಡುವುದು ತಮಿಳಿನ ಪದ್ಧತಿ. ಕಿವಿಗೆ ಅವರು ಚೆವಿ ಅನ್ನುವುದು ಅದಕ್ಕೇ. ಕನ್ನಡ ಇಲ್ಲಿ ಹಳೆಯ ‘ಕ’ವನ್ನೇ ಹಿಡಿದುಕೊಂಡಿದೆ. ಹಾಗಾದರೆ ಪುದುಚ್ಚೇರಿ? ‘ಪುದು’ ನಮ್ಮ ಹೊಸ, ‘ಚೇರಿ’ ನಮ್ಮ ಕೇರಿ. ಫ್ರೆಂಚರು ಆಳಿದ ಆ ಊರು ಕನ್ನಡದಲ್ಲಿ ಸಲೀಸಾಗಿ ‘ಹೊಸಕೇರಿ’.

★ ವಿಜಯಪುರದವರಿಗೆ ಬರಗಾಲದ ಬಗ್ಗೆ ಹೊರಗಿನವರು ಹೇಳಬೇಕಾದ್ದಿಲ್ಲ. ‘ಬರ’ ಎಂಬುದು ಮತ್ತೆ ಮತ್ತೆ ‘ಬರು’ವುದರಿಂದ ಆ ಹೆಸರು ಎಂಬ ಕಹಿ ಚಟಾಕಿ ಚೆನ್ನಾಗಿದೆ, ಆದರೆ ಸುಳ್ಳು. ‘ಬರ’ದಲ್ಲಿದ್ದದ್ದು ಹಳಗನ್ನಡದ ಶಕಟರೇಫ, ಅಂದರೆ ‘ಱ’. ‘ಬರು’ವಿನಲ್ಲಿರುವುದು ಸಾದಾ ‘ರ’. ತಮಿಳಿನಲ್ಲಿ ಇಂದಿಗೂ ಬೇರೆ ಅಕ್ಷರ: ಬರಗಾಲಕ್ಕೆ ವಱಟ್ಚಿ, ಬರುವುದಕ್ಕೆ ವರು. ಕನ್ನಡ ಆ ಅಕ್ಷರವನ್ನು ಬಿಟ್ಟುಕೊಟ್ಟಿತು, ಎರಡು ಪದಗಳು ಒಂದೇ ಬಟ್ಟೆ ಹಾಕಿಕೊಂಡವು.

★ ಬರಿಗಾಲಿನ ‘ಬರಿ’ ಕೂಡ ಅದೇ ಱಕಾರದ ಮನೆಯದು. ಇಂಗ್ಲಿಷಿನಲ್ಲಿ ಬರಿಗಾಲಿಗೆ ‘ಬೇರ್’ ಪದವನ್ನೇ ಹಚ್ಚುತ್ತಾರೆ. ಅಬ್ಬಾ, ಎಂಥ ಹೋಲಿಕೆ! ಆದರೆ ಆ ‘ಬೇರ್’ನ ಮೂಲ ಜರ್ಮಾನಿಕ್ ರೂಪ *ಬಜಜ್. ಅದರಲ್ಲಿ ‘ರ’ವೇ ಇರಲಿಲ್ಲ, ‘ಜ’ದಂಥ ದನಿ ಮುಂದೆ ‘ರ’ ಆಯಿತು. ಸಾವಿರಾರು ಪದಗಳಿರುವ ಎರಡು ಭಾಷೆಗಳಲ್ಲಿ ನಾಲ್ಕಾರು ಜೋಡಿ ಹೀಗೆ ತಾಳೆಯಾಗದಿದ್ದರೇ ಆಶ್ಚರ್ಯ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ‘ಜಗತ್ತಿನ ಭಾಷೆಗಳೆಲ್ಲ ಕನ್ನಡದಿಂದ’ ಎಂಬ ಪಟ್ಟಿಗಳು ನಿಂತಿರುವುದು ಇಂಥ ನಾಲ್ಕಾರು ಜೋಡಿಗಳ ಮೇಲೆ.

★ ‘ಬರಬಾರದು’ ಎಂಬಲ್ಲಿ ಒಂದೇ ಕ್ರಿಯಾಪದ ಎರಡು ಸಲ ಇದೆ ಎಂದು ಗಮನಿಸಿದ್ದೀರಾ? ಮಾಡಬಾರದು, ಹೋಗಬಾರದು ಎಂಬುದರ ‘ಬಾರದು’ ಬೇರೇನಲ್ಲ, ‘ಬರು’ವಿನ ನಿಷೇಧರೂಪ. ತೆಲುಗಿನಲ್ಲೂ ‘ರಾದು’ ಎಂದರೆ ಬರುವುದಿಲ್ಲ, ‘ಅನರಾದು’ ಎಂದರೆ ಅನ್ನಬಾರದು. ಬೇಡ ಎನ್ನಲು ‘ಬರುವುದಿಲ್ಲ’ ಎನ್ನುವ ಈ ಬುದ್ಧಿ ಎರಡೂ ಮನೆಗಳಲ್ಲಿದೆ.

★ ವಿದ್ಯೆಯೂ ಬರುತ್ತದೆ. ‘ನನಗ ಕನ್ನಡ ಬರ್ತದ’ ಅನ್ನುತ್ತೇವೆ, ತೆಲುಗಿನವರು ‘ನಾಕು ತೆಲುಗು ವಚ್ಚು’ ಅನ್ನುತ್ತಾರೆ. ಮಳಿ, ನಿದ್ದಿ, ಸಿಟ್ಟು, ಜ್ವರ ಎಲ್ಲವೂ ತಾವಾಗಿ ಬರುವವೇ. ಇನ್ನೂ ಮಜಾ, ಹೋಗುವಾಗಲೂ ನಾವು ‘ಹೋಗ್ತೀನಿ’ ಅನ್ನುವುದಿಲ್ಲ. ‘ಬರ್ತೀನ್ರಿ’ ಎಂದು ಹೇಳಿ ಚಪ್ಪಲಿ ಮೆಟ್ಟುತ್ತೇವೆ. ತಮಿಳರು ‘ಹೋಗಿ ಬರುತ್ತೇನೆ’ ಎಂದೇ ಹೊರಡುತ್ತಾರೆ, ತೆಲುಗಿನವರೂ ಹಾಗೆಯೇ. ಮರಾಠಿಗರು ಬೇರೆ ಕುಲದವರಾದರೂ ‘ಯೇತೊ’ ಅನ್ನುತ್ತಾರೆ. ಪದ ಬೇರೆ, ರೀತಿ ಒಂದೇ. ನೆರೆಹೊರೆಯ ಬಳಕೆಯಲ್ಲಿ ಹೀಗೆ ರೂಢಿ ಹರಿದಾಡುತ್ತದೆ, ರಕ್ತಸಂಬಂಧ ಬೇಕಿಲ್ಲ.

★ ದ್ರಾವಿಡ ಭಾಷೆಗಳು ಒಂದು ಬೇರೆ ಕುಟುಂಬ ಎಂದು ಅಚ್ಚಿನಲ್ಲಿ ಮೊದಲು ತೋರಿಸಿಕೊಟ್ಟದ್ದು ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್, 1816ರಲ್ಲಿ. ಅದೂ ತೆಲುಗು ವ್ಯಾಕರಣವೊಂದಕ್ಕೆ ಬರೆದ ಟಿಪ್ಪಣಿಯಲ್ಲಿ. ರಾಬರ್ಟ್ ಕಾಲ್ಡ್‌ವೆಲ್ಲರ ದೊಡ್ಡ ಗ್ರಂಥ ಬಂದದ್ದು 1856ರಲ್ಲಿ; ಹೆಸರೆಲ್ಲ ಅವರಿಗೆ ಹೋಯಿತು. ಎಲ್ಲಿಸ್‌ಗೆ ಸಿಗಬೇಕಾದಷ್ಟು ಸಿಗಲಿಲ್ಲ ಎಂಬುದು ನನ್ನ ಲೆಕ್ಕ.

★ ಈ ಎರಡು ಕುಲಗಳೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಭೇಟಿಯಾದದ್ದುಂಟು. ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರ ಕರಾವಳಿಯ ಫ್ರೀಸ್‌ಲ್ಯಾಂಡ್ ಸೀಮೆಯಲ್ಲಿ. *ಕ್ವೆಮನದ ಮಕ್ಕಳು ಮನೆಮನೆಯಲ್ಲಿ ಆಡುವ ನೆಲ ಅದು. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಇಲ್ಲಿಗೆ ಬಂದರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಕನ್ನಡ ಪದದ ಮಗ್ಗುಲಲ್ಲೇ ತಮಿಳು, ತೆಲುಗು, ಮಲಯಾಳ, ತುಳು ರೂಪಗಳನ್ನು ಕೊಟ್ಟರು. ಥಾಮಸ್ ಬರೋ ಮತ್ತು ಎಮೆನೊ ಸೇರಿ 1961ರಲ್ಲಿ ತಂದ ದ್ರಾವಿಡ ವ್ಯುತ್ಪತ್ತಿ ಕೋಶಕ್ಕೆ ಕನ್ನಡದ ಮಟ್ಟಿಗೆ ಮುಖ್ಯ ಆಧಾರ ಕಿಟೆಲ್‌ರೇ. 1984ರ ಅದರ ಎರಡನೆಯ ಆವೃತ್ತಿಯಲ್ಲಿ ಐದೂವರೆ ಸಾವಿರ ನಮೂದುಗಳಿವೆ.

★ ಹಾಗಾದರೆ ‘ಬಾ’ಗೆ ವಯಸ್ಸೆಷ್ಟು? ದ್ರಾವಿಡ ಕುಟುಂಬ ಕವಲೊಡೆಯಲು ಶುರುವಾಗಿ ಸುಮಾರು 4,500 ವರ್ಷಗಳಾಗಿವೆ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಇಂಥ ಲೆಕ್ಕದಲ್ಲಿ ಕೆಲವು ಶತಮಾನ ಹಿಂದೆ ಮುಂದೆ ಆಗುವುದು ಇದ್ದದ್ದೇ. ಏನೇ ಆದರೂ 17ನೇ ಶತಮಾನದ ಗೋಳಗುಮ್ಮಟ ಅದರ ಮುಂದೆ ನಿನ್ನೆ ಮೊನ್ನೆಯದು.

★ ಬರೋ-ಎಮೆನೊ ಕೋಶದಲ್ಲಿ ‘ಬಾ’ ಇದೆ, ‘ಕುರಿ’ ಇದೆ, ಅದರ ತೆಲುಗು ತಂಗಿ ‘ಗೊರ್ರೆ’ಯೂ ಇದೆ. ಆದರೆ ಕುರಿಯ ವಯಸ್ಸು, ಬಣ್ಣ, ಕಿವಿ, ಕೋಡಿಗೆ ತಕ್ಕಂತೆ ಕುರುಬರ ಹಟ್ಟಿಗಳಲ್ಲಿ ಆಡುವ ಹೆಸರುಗಳು, ಕಂಬಳಿ ನೇಯುವವರ ಮಾತುಗಳು, ಕುಂಟಿ-ಕೂರಿಗೆಯ ಒಂದೊಂದು ಭಾಗದ ಹೆಸರುಗಳು ಎಲ್ಲವೂ ನಿಘಂಟು ಸೇರಿಲ್ಲ. ನಿಮ್ಮ ಮನೆಯಲ್ಲಿ ಎಪ್ಪತ್ತು ದಾಟಿದ ಮುತ್ತ್ಯಾ, ಆಯಿ ಇದ್ದರೆ ಅಂಥ ಪದಗಳನ್ನು ಕೇಳಿ, ಅವರು ಹೇಳಿದ ಹಾಗೆಯೇ, ತಿದ್ದದೆ, ಊರ ಹೆಸರು ಸಹಿತ ಬರೆದಿಡಿ.